ಟಿವಿಗಿಂತ ಮೊದಲು ಗೋಡೆ ನೋಡಿ

ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಎತ್ತಲು ಇಬ್ಬರು ಬೇಕಿತ್ತು. ಎತ್ತಿ ಮೇಜಿನ ಮೇಲೆ ಕೂರಿಸಿದರೆ ವರ್ಷಗಟ್ಟಲೆ ಅಲ್ಲಿಂದ ಕದಲುತ್ತಿರಲಿಲ್ಲ. ಈಗಿನ 43 ಇಂಚಿನ ಎಲ್‌ಇಡಿ ಟಿವಿಯ ತೂಕ ಹತ್ತು ಕಿಲೋ ಆಸುಪಾಸು. ಹಗುರ ಎಂಬುದೇ ಅದರ ಅಪಾಯ. ಎತ್ತರದ, ತೆಳ್ಳಗಿನ ಪರದೆ ಎರಡು ಪುಟ್ಟ ಕಾಲುಗಳ ಮೇಲೆ ನಿಂತಿರುತ್ತದೆ. ಅಂಬೆಗಾಲಿಡುವ ಮಗು ಅಂಚು ಹಿಡಿದು ಎದ್ದು ನಿಲ್ಲಲು ಹೋದರೆ ಟಿವಿ ಮಗುವಿನ ಮೇಲೆಯೇ ಬೀಳುತ್ತದೆ. ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ಗೋಡೆಗೆ ಹಾಕಿಸಬೇಕು, ಇಲ್ಲವೇ ಹಿಂಬದಿಯಿಂದ ಗೋಡೆಗೆ ಪಟ್ಟಿ ಬಿಗಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಎಂಥ ಗೋಡೆ? ಸಾಗರದ ಕಡೆಯ ಹಳ್ಳಿಯಲ್ಲಿರುವ ನನ್ನ ಭಾವನ ಮನೆ ಜಂಬಿಟ್ಟಿಗೆಯದು. ಟಿವಿ ಹಾಕಲು ಬಂದ ಹುಡುಗ ಡ್ರಿಲ್ ಇಟ್ಟೊಡನೆ ಮೊದಲು ಗಾರೆಯ ಬೂದು ಪುಡಿ ಉದುರಿತು, ಆಮೇಲೆ ಕೆಂಪು ಪುಡಿ. ಡ್ರಿಲ್ ಬಿಟ್ ಸರ್ರನೆ ಒಳಗೆ ಜಾರಿತು. ಅವನು ಕೈ ನಿಲ್ಲಿಸಿ, ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. "ಅಣ್ಣಾ, ಒಳಗೆ ತೂತು ಕಲ್ಲು. ಡಬ್ಬಿಯಲ್ಲಿ ಕೊಟ್ಟ ಪ್ಲಗ್ಗು ಇದಕ್ಕೆ ಕಚ್ಚೋದಿಲ್ಲ" ಎಂದ. ಇನ್ನೊಬ್ಬನಾಗಿದ್ದರೆ ಸ್ಕ್ರೂ ತಿರುಗಿಸಿ ಹೋಗಿಬಿಡುತ್ತಿದ್ದ. ಇವನು ದಪ್ಪ ಪ್ಲೈವುಡ್ ಹಲಗೆ ತರಿಸಿ, ಅದನ್ನು ಉದ್ದನೆಯ ಆಂಕರ್‌ಗಳಿಂದ ಹಲವು ಕಡೆ ಗೋಡೆಗೆ ಬಿಗಿದು, ಟಿವಿಯ ಬ್ರ್ಯಾಕೆಟ್ಟನ್ನು ಆ ಹಲಗೆಯ ಮೇಲೆ ಕೂರಿಸಿದ. ಭಾರ ಹಂಚಿಹೋಯಿತು.

ಬ್ರ್ಯಾಕೆಟ್ ಕೊಳ್ಳುವಾಗ ಟಿವಿ ಎಷ್ಟು ಇಂಚು ಎಂದಷ್ಟೇ ಹೇಳಿದರೆ ಸಾಲದು. ಟಿವಿ ಬೆನ್ನಿನ ನಾಲ್ಕು ತೂತುಗಳ ಅಂತರ ಅಳೆಯಬೇಕು. 200 ಎಂಎಂ, 400 ಎಂಎಂ ಎಂದು ಅದಕ್ಕೆ ನಿಗದಿತ ಅಳತೆಗಳಿವೆ. ಅಲ್ಲಿಗೆ ಹಾಕುವ ಸ್ಕ್ರೂ ಬೇಕಾದ್ದಕ್ಕಿಂತ ಉದ್ದವಿದ್ದರೆ ಒಳಗಿನ ಬೋರ್ಡಿಗೇ ಚುಚ್ಚುತ್ತದೆ. ಪರದೆಯನ್ನು ಮಲಗಿಸಿ ಸಾಗಿಸಬಾರದು, ನಿಲ್ಲಿಸಿಯೇ ಒಯ್ಯಬೇಕು.

ಇನ್ನು ಚಿತ್ರದ ವಿಚಾರ. ಕೇಬಲ್ ಡಿಜಿಟಲ್ ಆಗಲು ಬೆಂಗಳೂರು, ಮೈಸೂರುಗಳಿಗೆ ಎರಡನೇ ಹಂತದಲ್ಲಿ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಛಾವಣಿಯ ಆಂಟೆನಾಕ್ಕೆ ಸಿಗುತ್ತಿದ್ದ ದೂರದರ್ಶನದ ಹಳೆಯ ಅನಲಾಗ್ ಪ್ರಸಾರವೂ 2021ರ ಹೊತ್ತಿಗೆ ಬಹುಪಾಲು ನಿಂತಿತು. ಅನಲಾಗ್‌ನಲ್ಲಿ ಸಿಗ್ನಲ್ ಸೋತರೆ ಪರದೆ ಮೇಲೆ ಚುಕ್ಕೆ ಮುತ್ತುತ್ತಿತ್ತು, ಮುಖಗಳು ಮಸುಕಾಗುತ್ತಿದ್ದವು, ಆದರೂ ಒಂದಿಷ್ಟು ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಅಂಕಿಗಳು ಸರಿಯಾಗಿ ತಲುಪುವವರೆಗೆ ಚಿತ್ರ ಹೊಳೆಯುತ್ತದೆ. ಒಂದು ಮಿತಿಗಿಂತ ಕೆಳಗಿಳಿದರೆ ಚೌಕ ಚೌಕವಾಗಿ ಒಡೆದು, ನಿಂತೇಹೋಗುತ್ತದೆ. ನಡುವಿನ ಎಚ್ಚರಿಕೆಯ ಹಂತವೇ ಇಲ್ಲದ್ದರಿಂದ ಜನ ಟಿವಿಯನ್ನೇ ದೂರುತ್ತಾರೆ.

ಭಾವನ ಮನೆಯಲ್ಲೂ ಮಳೆಗಾಲದಲ್ಲಿ ಟಿವಿ ಕೆಟ್ಟಿತೆಂದೇ ಎಲ್ಲರೂ ನಂಬಿದ್ದರು. ಅಲ್ಲಿರುವುದು ಡಿಡಿ ಫ್ರೀ ಡಿಶ್. ಅದರ ಉಪಗ್ರಹ ಜಿಸ್ಯಾಟ್-15 ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಅಂದರೆ ನಮ್ಮ ಮಲೆನಾಡಿನಿಂದ ನೋಡಿದರೆ ಆಗ್ನೇಯದ ಆಕಾಶದಲ್ಲಿ, ಸಾಕಷ್ಟು ಎತ್ತರದಲ್ಲಿ. ಅದೇ ದಿಕ್ಕಿನಲ್ಲಿ ಅಂಗಳದ ಹಲಸಿನ ಮರ ಒಂದು ಕೊಂಬೆ ಚಾಚಿತ್ತು. ಆ ಸಿಗ್ನಲ್ಲಿಗೆ ಒದ್ದೆ ಎಲೆ ಅಂದರೆ ಗೋಡೆಯೇ ಸರಿ. ಸೆಟ್ ಟಾಪ್ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್‌ನ ಎರಡು ಪಟ್ಟಿ ಕಾಣುತ್ತವೆ: ಒಂದು ಬಲ, ಇನ್ನೊಂದು ಗುಣಮಟ್ಟ. ಬಲದ ಪಟ್ಟಿ ಭರ್ತಿ ಇದ್ದೂ ಗುಣಮಟ್ಟದ್ದು ಕುಸಿದಿತ್ತು. ಕೊಂಬೆ ಕಡಿದ ಮೇಲೆ ಅದು ಏರಿತು. ಜೋರು ಮಳೆ ಸುರಿಯುವಾಗ ಕೆಲ ನಿಮಿಷ ಚಿತ್ರ ಹೋಗುವುದು ಮಾತ್ರ ಈಗಲೂ ಇದೆ, ಆ ತರಂಗಗಳ ಸ್ವಭಾವವೇ ಹಾಗೆ.

ಇನ್ನೊಂದು ಸಂಗತಿ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಎಷ್ಟೋ ಮನೆಗಳಲ್ಲಿ ದುಡ್ಡು ಸುರಿದು ದೊಡ್ಡ ಟಿವಿ ತಂದು, ಎಚ್‌ಡಿ ಬಾಕ್ಸನ್ನೂ ತಂದು, ಹಳದಿ-ಕೆಂಪು-ಬಿಳಿ ಪಿನ್ನಿನ ಹಳೆಯ ತಂತಿಯಲ್ಲೇ ಎರಡನ್ನೂ ಜೋಡಿಸಿರುತ್ತಾರೆ. ಹಳದಿ ಪಿನ್ನು ಸಾಗಿಸುವುದು 576 ಗೆರೆಗಳ ಹಳೆಯ ಚಿತ್ರವನ್ನಷ್ಟೇ. 1080 ಗೆರೆಗಳ ಎಚ್‌ಡಿ ಚಿತ್ರಕ್ಕೆ ಎಚ್‌ಡಿಎಂಐ ತಂತಿಯೇ ಬೇಕು. ಅದನ್ನು ಸಿಕ್ಕಿಸುವಾಗ ಟಿವಿ, ಬಾಕ್ಸ್ ಎರಡರ ಪ್ಲಗ್ಗನ್ನೂ ಕಿತ್ತಿರಬೇಕು. ಬಾಕ್ಸಿನ ಲೋಹದ ಭಾಗ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಡಿಶ್‌ಗೂ ಮನೆಗೂ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿನ ವಿದ್ಯುತ್ತಿಗೆ ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಸಂದು ಯಾವ ತಡೆಯೂ ಅಲ್ಲ. ಅದು ಡಿಶ್ ತಂತಿಯ ಮೂಲಕವೂ ಬರುತ್ತದೆ. ಮೋಡ ಕವಿದು ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗನ್ನೂ ಡಿಶ್ ತಂತಿಯನ್ನೂ ಕಳಚಿಡಬೇಕು; ಮಿಂಚು ತಲೆಯ ಮೇಲೆ ಬಂದಮೇಲೆ ಅವನ್ನು ಮುಟ್ಟಲೇಬಾರದು. ಗೋಡೆಗೆ ಹಾಕಿದ ಟಿವಿಯಲ್ಲಿ ಇಲ್ಲೇ ತೊಡಕು: ಅಂದ ಕೆಡಬಾರದೆಂದು ಪ್ಲಗ್ ಪಾಯಿಂಟನ್ನು ಪರದೆಯ ಹಿಂದೆ ಮುಚ್ಚಿಟ್ಟರೆ ಅಲ್ಲಿಗೆ ಕೈ ಹೋಗುವುದಿಲ್ಲ. ಭಾವನ ಮನೆಯಲ್ಲಿ ಪಾಯಿಂಟನ್ನು ಟಿವಿಯ ಬಲಕ್ಕೆ, ಅಕ್ಕನ ಕೈಗೆ ಎಟಕುವ ಎತ್ತರದಲ್ಲಿ ಮಾಡಿಸಲಾಯಿತು. ಡಿಶ್ ತಂತಿಯನ್ನೂ ಪಕ್ಕದಲ್ಲೇ ಇಳಿಸಿದ್ದಾರೆ.