ಕಾಕಂಬಿಯಿಂದ ಈಥೈಲ್ ಅಸಿಟೇಟ್: ವೆಚ್ಚ ನಿರ್ಧಾರದ ಕ್ರಮ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳು ಕಬ್ಬಿನ ಸೀಮೆ. ಸಕ್ಕರೆ ತೆಗೆದ ಬಳಿಕ ಉಳಿಯುವ ಕಾಕಂಬಿಯಿಂದ ಮದ್ಯಸಾರ, ಮದ್ಯಸಾರದಿಂದ ಬಣ್ಣ, ಮುದ್ರಣಶಾಯಿ ಹಾಗೂ ಔಷಧ ಉದ್ಯಮಗಳಿಗೆ ಬೇಕಾದ ಈಥೈಲ್ ಅಸಿಟೇಟ್ ದ್ರಾವಕ ದೊರೆಯುತ್ತದೆ. ಇಂತಹ ಘಟಕದ ಯೋಜನಾ ವರದಿ ಸಿದ್ಧಪಡಿಸುವವರು ವೇಗವರ್ಧಕದ ಬೆಲೆಗೆ ಅತಿಯಾದ ಮಹತ್ವ ನೀಡುವುದುಂಟು.

ಮದ್ಯಸಾರ ಮತ್ತು ಅಸಿಟಿಕ್ ಆಮ್ಲವನ್ನು ಗಂಧಕಾಮ್ಲದ ಸಮ್ಮುಖದಲ್ಲಿ ಕಾಯಿಸಿದಾಗ ದ್ರಾವಕದೊಡನೆ ನೀರೂ ಉತ್ಪನ್ನವಾಗುತ್ತದೆ. ಗಂಧಕಾಮ್ಲವು ಕ್ರಿಯೆಯನ್ನು ತ್ವರಿತಗೊಳಿಸುತ್ತದೆ, ಆದರೆ ಇಳುವರಿಯ ಮಿತಿಯನ್ನು ಬದಲಿಸದು. ಎರಡರ ಅಣುಗಳು ಸಮಸಂಖ್ಯೆಯಲ್ಲಿದ್ದರೆ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಪರಿವರ್ತನೆಯಾಗುತ್ತದೆ. ಮುಂದುವರಿಸಲು ಉತ್ಪನ್ನಗಳನ್ನು ಬಟ್ಟಿ ಇಳಿಸಿ ಹೊರತೆಗೆಯುತ್ತಲೇ ಇರಬೇಕು. ಹಬೆಯ ಖರ್ಚು ಬರುವುದು ಇಲ್ಲಿಯೇ. ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರ್ ಪಕ್ಕದಲ್ಲಿದ್ದರೆ ಅದು ದೊಡ್ಡ ಅನುಕೂಲ.

ತಾತ್ತ್ವಿಕವಾಗಿ 1,000 ಕಿಲೋ ದ್ರಾವಕಕ್ಕೆ 523 ಕಿಲೋ ಮದ್ಯಸಾರ, 682 ಕಿಲೋ ಆಮ್ಲ ಬೇಕು. 205 ಕಿಲೋ ನೀರಾಗಿ ಹೋಗುತ್ತದೆ. ಆಮ್ಲವನ್ನೂ ಮದ್ಯಸಾರದಿಂದಲೇ ತಯಾರಿಸಿದರೆ ಮದ್ಯಸಾರದ ಅಗತ್ಯ 1,046 ಕಿಲೋಗೆ ಏರುತ್ತದೆ. ಆದ್ದರಿಂದ ಮದ್ಯಸಾರಕ್ಕೆ ಯಾವ ದರ ಹಚ್ಚುತ್ತೇವೆ ಎಂಬುದೇ ಇಡೀ ಲೆಕ್ಕದ ಜೀವಾಳ. ಸ್ವಂತ ಡಿಸ್ಟಿಲರಿಯ ಉತ್ಪಾದನಾ ವೆಚ್ಚವನ್ನು ಹಚ್ಚಿದರೆ ಕಾಗದದ ಮೇಲೆ ಲಾಭ ಕಾಣುತ್ತದೆ. ಪೆಟ್ರೋಲ್ ಮಿಶ್ರಣಕ್ಕಾಗಿ ತೈಲ ಕಂಪನಿಗಳು ನೀಡುವ ದರವನ್ನು ಹಚ್ಚಿದರೆ ಅದೇ ಲಾಭ ಕರಗಬಹುದು. ಕಬ್ಬಿನ ಬಾಕಿಗಾಗಿ ಕಾದಿರುವ ರೈತರಿರುವಾಗ ಎರಡನೆಯದೇ ಸರಿಯಾದ ಕ್ರಮ.

ಕೈಗಾರಿಕಾ ಮದ್ಯಸಾರದ ಮೇಲೂ ರಾಜ್ಯಗಳಿಗೆ ಅಧಿಕಾರವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 23ರಂದು 8:1ರ ಬಹುಮತದಿಂದ ತೀರ್ಪಿತ್ತಿದೆ. (ಭಿನ್ನಮತ ನ್ಯಾ. ಬಿ.ವಿ. ನಾಗರತ್ನ ಅವರದು.) ವರದಿಯಲ್ಲಿ ರಾಜ್ಯದ ಶುಲ್ಕಗಳಿಗೂ ಒಂದು ಬಾಬ್ತು ಇರಿಸತಕ್ಕದ್ದು.