ಕಾದಂಬರಿ ಓದಿ ಅಭಿಪ್ರಾಯ ಹೇಳುವುದು: ಹಾವೇರಿ ಸೀಮೆಯ ಹೊಸ ಓದುಗರಿಗೆ

ಪಠ್ಯಪುಸ್ತಕದ ಆಚೆಗೆ ಒಂದು ಕಾದಂಬರಿಯನ್ನೂ ಓದಿಲ್ಲ, ಆದರೆ ಓದುವ ಆಸೆ ಇದೆ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಾವೇರಿಯ ಕಾಲೇಜು ಹುಡುಗಿ, ರಾಣೇಬೆನ್ನೂರಿನ ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಒಂದು ತಾಸು ಬಿಡುವು ಸಿಗುವ ಬ್ಯಾಡಗಿಯ ತಾಯಿ, ಇಂಥವರು ನನ್ನ ಮನಸ್ಸಿನಲ್ಲಿದ್ದಾರೆ. ಈಚೆಗೆ ನಾನು ಓದಿದ, ಕೆಲವನ್ನು ಎರಡನೇ ಸಲ ಓದಿದ ಐದು ಕಾದಂಬರಿಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ನೀವು ನನ್ನ ಅಭಿಪ್ರಾಯವನ್ನು ಒಪ್ಪಲೇಬೇಕೆಂದಿಲ್ಲ. ಓದುಗರ ಅಭಿಪ್ರಾಯ ಹೇಗೆ ಹುಟ್ಟುತ್ತದೆ ಎಂಬುದು ತಿಳಿದರೆ ಸಾಕು.

ಪುಸ್ತಕ ಹೇಗಿತ್ತು ಎಂದು ತರಗತಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಎರಡೇ ಉತ್ತರ ಬರುತ್ತವೆ: "ಚಲೋ ಐತ್ರಿ ಸರ್" ಅಥವಾ "ಬ್ಯಾಸರ ಬಂತ್ರಿ". ಎರಡೂ ನಿಜವಾದ ಅನುಭವಗಳೇ. ಆದರೆ ಅವು ಇನ್ನೂ ಅಭಿಪ್ರಾಯವಾಗಿಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಖರೀದಿದಾರ ಒಂದು ಹಿಡಿ ಮೆಣಸಿನಕಾಯಿ ಎತ್ತಿ ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಒಂದನ್ನು ಮುರಿದು ಬೀಜ ನೋಡುತ್ತಾನೆ, ಆಮೇಲೆ ದರ ಬರೆಯುತ್ತಾನೆ. ಓದುಗನೂ ಹೀಗೆ ಪುಸ್ತಕದ ಒಂದು ಜಾಗವನ್ನು ತೋರಿಸಿ ಮಾತಾಡಬೇಕು. ಅದಕ್ಕಾಗಿ ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ಕಥೆಯನ್ನು ಯಾರು ಹೇಳುತ್ತಿದ್ದಾರೆ? ಯಾವ ಪುಟದಲ್ಲಿ ನಾನು ಓದುವುದನ್ನು ನಿಲ್ಲಿಸಿ ಯೋಚಿಸಿದೆ? ಯಾವುದನ್ನು ನನ್ನ ಮನಸ್ಸು ಒಪ್ಪಲಿಲ್ಲ? ಇವಕ್ಕೆ ಉತ್ತರ ಸಿಕ್ಕರೆ ನಿಮ್ಮ ಅಭಿಪ್ರಾಯ ಸಿದ್ಧವಾಯಿತು.

ಕಾದಂಬರಿಯ ಬಗ್ಗೆ ಮಾತಾಡುವುದು ಧಾರವಾಡ, ಮೈಸೂರು, ಬೆಂಗಳೂರಿನವರ ಕೆಲಸ ಎಂಬ ಸಂಕೋಚ ನಮ್ಮಲ್ಲಿದೆ. ಅದನ್ನು ಬಿಡಿ. ಕನ್ನಡ ಕಾದಂಬರಿಯ ಪಿತಾಮಹ ಎಂದು ಕರೆಸಿಕೊಂಡ ಗಳಗನಾಥರು ನಮ್ಮವರು. ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ (1869–1942). ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿರುವ ಗಳಗನಾಥ ಗ್ರಾಮದ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡರು. ಅವರು ಶಾಲಾ ಮಾಸ್ತರರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಸಂಪಾದಿಸಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅವರ ಪುಸ್ತಕ ಕೊಂಡವರು ಪಂಡಿತರಷ್ಟೇ ಆಗಿರಲಿಲ್ಲ. ಅಂದಮೇಲೆ ಕಾದಂಬರಿ ಓದಿ ಮಾತಾಡುವ ಹಕ್ಕು ಈ ಸೀಮೆಯ ಮನೆಗಳಿಗೆ ಹೊಸದಲ್ಲ.

ಮೊದಲು ಚಿಕ್ಕ ಪುಸ್ತಕ

ಹೊಸಬರಿಗೆ ನಾನು ಮೊದಲು ಕೊಡುವುದು ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಇತರ ಕಥೆಗಳ ಜೊತೆ ಬಂದ ಕಿರುಕಾದಂಬರಿ ಇದು. ಒಂದೆರಡು ಸಂಜೆಗಳಲ್ಲಿ ಮುಗಿಯುತ್ತದೆ. ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶದ ಓದುಗರನ್ನೂ ಮುಟ್ಟಿದೆ. ಕಥೆ ಬೆಂಗಳೂರಿನ ಒಂದು ಕುಟುಂಬದ್ದು. ಅಪ್ಪ ಸೇಲ್ಸ್‌ಮನ್, ಇರುವೆ ಮುತ್ತುವ ಸಣ್ಣ ಮನೆ, ಎಣಿಸಿ ಖರ್ಚು ಮಾಡುವ ಬದುಕು. ಅಪ್ಪನ ಕೆಲಸ ಹೋದ ಮೇಲೆ ಚಿಕ್ಕಪ್ಪ 'ಸೋನಾ ಮಸಾಲಾ' ಎಂಬ ವ್ಯಾಪಾರ ಶುರು ಮಾಡುತ್ತಾನೆ. ಮಸಾಲೆ ಪದಾರ್ಥಗಳನ್ನು ಸಗಟಾಗಿ ತರಿಸಿ ಸಣ್ಣ ಪೊಟ್ಟಣಗಳಲ್ಲಿ ಮಾರುವ ವ್ಯಾಪಾರ. ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ, ಮನೆಮಂದಿಯ ಮಾತಿನ ಧಾಟಿಯೇ ಬದಲಾಗುತ್ತದೆ.

ಮೊದಲ ಪ್ರಶ್ನೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಕಥೆ ಹೇಳುವವನು ಆ ಮನೆಯ ಮಗ. ಕೆಲಸ ಮಾಡದೆ ಚಿಕ್ಕಪ್ಪನ ಕಂಪನಿಯಿಂದ ಸಂಬಳ ಪಡೆಯುವವನು. ಅವನ ಮಾತು ಸೌಮ್ಯವಾಗಿದೆ, ಓದುಗರಿಗೆ ಅವನ ಮೇಲೆ ಪ್ರೀತಿ ಬರುತ್ತದೆ. ಆದರೆ ಅವನು ಯಾವುದನ್ನು ಹೇಳದೆ ದಾಟಿಸುತ್ತಾನೆ ಎಂದು ಗಮನಿಸುತ್ತ ಹೋದರೆ ಬೇರೆಯೇ ಕಥೆ ಕಾಣುತ್ತದೆ. ನಾನು ನಿಂತುಬಿಟ್ಟ ಜಾಗ, ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಸಾರು ಮಾಡಿ ತಂದು ಬಾಗಿಲಿಗೆ ಬರುವ ಪ್ರಸಂಗ. ದುಡಿಯುವ ಗಂಡಸಿಗೆ ಮುಜುಗರವಾಗಬಾರದೆಂದು ಮನೆಯ ಹೆಂಗಸರೇ ಅವಳನ್ನು ಬೈದು ಅಟ್ಟುತ್ತಾರೆ. ಅದು ತಪ್ಪು ಎಂದು ದನಿ ಎತ್ತುವವಳು ಸೊಸೆ ಅನಿತಾ ಒಬ್ಬಳೇ. ದುಡ್ಡು ತರುವವನ ಸುತ್ತ ಒಂದು ಕುಟುಂಬ ಹೇಗೆ ಕೋಟೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಪುಸ್ತಕ ನನ್ನ ಈಚಿನ ಓದಿನಲ್ಲಿ ಇನ್ನೊಂದಿಲ್ಲ. ವ್ಯಾಪಾರದ ದುಡ್ಡು ಮನೆಗೆ ಬಂದಾಗ ಊಟದ ಸಾಲಿನಲ್ಲಿ ಯಾರ ಜಾಗ ಮೇಲಾಯಿತು ಎಂಬುದನ್ನು ಹತ್ತಿರದಿಂದ ಕಂಡ ಬ್ಯಾಡಗಿಯ ಓದುಗರಿಗೆ ಇದರ ಸೂಕ್ಷ್ಮಗಳು ಬೇಗ ತಿಳಿಯುತ್ತವೆ.

ಮನಸ್ಸು ಒಪ್ಪದ್ದೇನು? ಅನಿತಾಳ ಮಾತು ಗಂಡನ ಕಿವಿಯ ಮೂಲಕವೇ ನಮಗೆ ಬರುತ್ತದೆ. ಅವಳದೇ ದನಿ ಇನ್ನಷ್ಟು ಬೇಕಿತ್ತು ಎಂದು ನನಗೆ ಅನ್ನಿಸಿತು. ಕೊನೆಯಲ್ಲಿ ಏನಾಯಿತೆಂದು ಲೇಖಕರು ಬಿಡಿಸಿ ಹೇಳುವುದಿಲ್ಲ. ಹೊಸಬರು ಇಲ್ಲಿ ಸಿಟ್ಟಾಗುತ್ತಾರೆ. ಸಿಟ್ಟು ಬಂದರೆ ಪುಸ್ತಕ ಮುಚ್ಚಬೇಡಿ. ಕೊನೆಯ ಭಾಗದಲ್ಲಿ ಮನೆಮಂದಿ ಕೂತು ಆಡುವ ಮಾತುಗಳನ್ನು ಇನ್ನೊಮ್ಮೆ ಓದಿ, ನಿಮ್ಮ ಊಹೆಗೆ ಆಧಾರ ಅಲ್ಲೇ ಇದೆ.

ಇದಾದ ಮೇಲೆ ಅದೇ ಲೇಖಕರ 'ಸಕೀನಾಳ ಮುತ್ತು' (2021) ಓದಿ. ಇಲ್ಲಿಯೂ ಹೇಳುವವನು ಒಬ್ಬ ಗಂಡಸು, ವೆಂಕಟ. ಮಗಳು ರೇಖಾಳನ್ನು ಕೇಳಿಕೊಂಡು ಅಪರಿಚಿತ ಹುಡುಗರು ಬಾಗಿಲು ಬಡಿಯುವಲ್ಲಿಂದ ಅವನ ನೆಮ್ಮದಿ ಕದಡುತ್ತದೆ. ತಾನು ಉದಾರ ಮನಸ್ಸಿನ ಗಂಡ, ಒಳ್ಳೆಯ ತಂದೆ ಎಂದು ನಂಬಿದವನಿಗೆ ಹೆಂಡತಿಯೂ ಮಗಳೂ ತನಗೆ ಅರ್ಥವಾಗಿಲ್ಲ ಎಂಬುದು ಮೆಲ್ಲಗೆ ತಿಳಿಯುತ್ತದೆ. ನನಗೆ ಇದು ಮೊದಲಿನದರಷ್ಟು ಬಿಗಿಯಾಗಿ ಕಾಣಲಿಲ್ಲ. ಹಳ್ಳಿಯ ಆಸ್ತಿ, ರಾಜಕೀಯ, ಕಾಣೆಯಾದ ಬಂಧುವಿನ ಕಥೆ ಎಲ್ಲ ಸೇರಿ ಎಳೆಗಳು ಹೆಚ್ಚಾದವು ಅನ್ನಿಸಿತು. ಆದರೆ ಹೆಣ್ಣುಮಕ್ಕಳ ತಂದೆಯಂದಿರು ಇದನ್ನು ಓದಲೇಬೇಕು. ಒಬ್ಬರದೇ ಎರಡು ಪುಸ್ತಕ ಓದಿದಾಗ ಹೋಲಿಸುವುದು ತಾನಾಗಿ ಬರುತ್ತದೆ, ಅಭಿಪ್ರಾಯಕ್ಕೆ ಗಟ್ಟಿತನವೂ ಬರುತ್ತದೆ.

ನಮ್ಮ ಮಾತಿನ ಪುಸ್ತಕಗಳು

ಪುಸ್ತಕದ ಕನ್ನಡ ಬೇರೆ, ಮನೆಯ ಕನ್ನಡ ಬೇರೆ ಎಂದು ಹಿಂಜರಿಯುವವರಿಗೆ ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಸಿಗಬೇಕು. 2008ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. 1857ರ ದಂಗೆಯ ನಂತರದ ಕಾಲದಿಂದ ಗಾಂಧಿ ಯುಗದವರೆಗೆ, ನವಲಗುಂದದ ಒಂದು ಬ್ರಾಹ್ಮಣ ಮನೆತನದ ಹುಟ್ಟು, ಮದುವೆ, ಸಾವು, ಜಗಳ, ನಗು ಎಲ್ಲವೂ ಧಾರವಾಡ ಕಡೆಯ ಆಡುಮಾತಿನಲ್ಲಿ ಹರಿಯುತ್ತವೆ. ದಕ್ಷಿಣದ ಓದುಗರು ಎಡವುವ ಕಡೆ ನಮ್ಮ ಜಿಲ್ಲೆಯವರು ಸಲೀಸಾಗಿ ಸಾಗುತ್ತಾರೆ. ಇದನ್ನು ಜೋರಾಗಿ ಓದಿ, ಮನೆಯ ಹಿರಿಯರಿಗೆ ಕೇಳಿಸಿ. ಅವರು ನಗುವ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ. ಪಾತ್ರಗಳು ಬಹಳ, ಆದ್ದರಿಂದ ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಳ್ಳಿ.

ದುಃಖದ ಪಕ್ಕದಲ್ಲೇ ಹಾಸ್ಯ ಕೂತಿರುವ ರೀತಿ ನನ್ನನ್ನು ಹಿಡಿದಿಟ್ಟಿತು. ಸಾವಿನ ಮನೆಯಲ್ಲೂ ಜನ ಊಟದ ಮಾತಾಡುತ್ತಾರೆ ಎಂಬ ಸತ್ಯವನ್ನು ವೈದ್ಯರು ಮುಚ್ಚಿಡುವುದಿಲ್ಲ. ಒಪ್ಪದ್ದು ಒಂದಿದೆ: ಆ ಮನೆಯ ಹೊರಗೆ ಹೊಲದಲ್ಲಿ ದುಡಿಯುವವರ ಬದುಕು ದೂರದಿಂದಲೇ ಕಾಣುತ್ತದೆ.

ಆ ಕೊರತೆಗೆ ಉತ್ತರವೆಂಬಂತೆ ರಾಘವೇಂದ್ರ ಪಾಟೀಲರ 'ತೇರು' ಓದಿ. ಇದಕ್ಕೆ 2005ರಲ್ಲಿ ಅದೇ ಪ್ರಶಸ್ತಿ ಬಂತು. ಧರ್ಮನಟ್ಟಿ ಎಂಬ ಊರಿನ ವಿಟ್ಠಲನ ತೇರು, ಅದು ಸಾಗಲೆಂದು ಕೊಟ್ಟ ನರಬಲಿ, ಬಲಿ ಕೊಟ್ಟ ಬಡ ಕುಟುಂಬ ಮುಂದೆ ತಲೆಮಾರುಗಳ ಕಾಲ ಹೊತ್ತ ರಕ್ತತಿಲಕದ ಸೇವೆ, ಇವುಗಳ ಸುತ್ತ ಕಥೆ ಬೆಳೆಯುತ್ತದೆ. ಆ ಸೇವೆ ಗೌರವವೋ ಶಿಕ್ಷೆಯೋ ಎಂಬ ಪ್ರಶ್ನೆಗೆ ಒಂದೊಂದು ತಲೆಮಾರು ಒಂದೊಂದು ಉತ್ತರ ಕೊಡುತ್ತದೆ. ಊರಿನ ತೇರಿನ ಹಗ್ಗ ಹಿಡಿದು ಎಳೆದವರು, ದೇವರಗುಡ್ಡದ ಜಾತ್ರೆಗೆ ಹೋಗಿ ಬಂದವರು ಇದನ್ನು ಓದುವಾಗ ಭಕ್ತಿಯನ್ನೂ ಬಿಡಲಾರರು, ಪ್ರಶ್ನೆಯನ್ನೂ ಬಿಡಲಾರರು. ಆ ಇಕ್ಕಟ್ಟೇ ಈ ಪುಸ್ತಕದ ಬಲ. ಎರಡು ಕಾದಂಬರಿಗಳನ್ನು ಒಂದರ ಹಿಂದೊಂದು ಓದಿದರೆ, ಒಂದೇ ನಾಡನ್ನು ಪಡಸಾಲೆಯಿಂದ ನೋಡುವುದಕ್ಕೂ ತೇರಿನ ಗಾಲಿಯ ಪಕ್ಕ ನಿಂತು ನೋಡುವುದಕ್ಕೂ ಇರುವ ಅಂತರ ತಿಳಿಯುತ್ತದೆ.

ನಮ್ಮ ಹೊಳೆಯ ದೊಡ್ಡ ಕಾದಂಬರಿ

ನಾಲ್ಕು ಪುಸ್ತಕ ಆದ ಮೇಲೆ ನಾನೂರು ಪುಟ ದಾಟುವ ವಸುಧೇಂದ್ರರ 'ತೇಜೋ-ತುಂಗಭದ್ರಾ' (2019) ಹೆದರಿಸುವುದಿಲ್ಲ. ದಿನಕ್ಕೆ ಇಪ್ಪತ್ತು ಪುಟದಂತೆ ಓದಿದರೂ ತಿಂಗಳೊಳಗೆ ಮುಗಿಯುತ್ತದೆ. ತೇಜೋ ಎಂದರೆ ಪೋರ್ಚುಗಲ್ಲಿನ ಲಿಸ್ಬನ್ ನಗರದ ನದಿ. ತುಂಗಭದ್ರೆಯನ್ನು ನಿಮಗೆ ಪರಿಚಯಿಸಬೇಕಿಲ್ಲ, ರಾಣೇಬೆನ್ನೂರು ತಾಲ್ಲೂಕಿನ ಐರಣಿ, ಚೌಡದಾನಪುರಗಳ ಅಂಚಿನಲ್ಲೇ ಹರಿಯುತ್ತದೆ. ಕಾಲ ಹದಿನೈದನೆಯ ಶತಮಾನದ ಕೊನೆ, ಹದಿನಾರನೆಯದರ ಆರಂಭ. ಅಲ್ಲಿ ಯಹೂದಿ ಹುಡುಗಿ ಬೆಲ್ಲಾಳನ್ನು ಪ್ರೀತಿಸಿ, ದುಡ್ಡು ಗಳಿಸಿ ಬರುತ್ತೇನೆಂದು ಹಡಗು ಹತ್ತುವ ಗೇಬ್ರಿಯಲ್. ಇಲ್ಲಿ ವಿಜಯನಗರ ರಾಜ್ಯದ ತೆಂಬಕಪುರವೆಂಬ ಹಳ್ಳಿಯ ಹಂಪಮ್ಮ, ಕೇಶವ.

ಪೋರ್ಚುಗೀಸರು ಸಮುದ್ರ ದಾಟಿ ಬಂದದ್ದು ಕರಿಮೆಣಸಿನ ಆಸೆಗೆ. ಅಮೆರಿಕ ಖಂಡದ ಮೆಣಸಿನಕಾಯಿ ಗಿಡ ನಮ್ಮ ನೆಲಕ್ಕೆ ಬಂದದ್ದು ಅವರ ಹಡಗುಗಳ ದಾರಿಯಲ್ಲೇ. ವಿಜಯನಗರದ ಆರಂಭದ ಅರಸರ ಅಡುಗೆಯಲ್ಲಿ ಒಣಮೆಣಸಿನಕಾಯಿ ಇರಲಿಲ್ಲ. 2011ರಲ್ಲಿ ಜಿಐ ಟ್ಯಾಗ್ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಬಂದದ್ದೂ ಆ ಸಾಗರದ ಮೇಲಿಂದ. ಇದು ಗೊತ್ತಿದ್ದು ಓದಿದರೆ ಲಿಸ್ಬನ್ ದೂರದ ಊರು ಅನ್ನಿಸುವುದಿಲ್ಲ.

ಓದುತ್ತ ನಾನು ನಿಂತದ್ದು ಲೆಂಕರ ಪ್ರಸಂಗಗಳಲ್ಲಿ, ಸಹಗಮನದ ಪ್ರಸಂಗಗಳಲ್ಲಿ. ಒಡೆಯನಿಗಾಗಿ ಸಾಯುವುದಾಗಿ ವಚನ ಕೊಟ್ಟವರು, ಗಂಡನ ಚಿತೆ ಏರಬೇಕಾದವರು. ನಮ್ಮ ಹಳ್ಳಿಗಳ ಗುಡಿಯ ಮುಂದೆ ವೀರಗಲ್ಲು, ಮಾಸ್ತಿಗಲ್ಲುಗಳಿವೆ. ಕುಂಕುಮ ಹಚ್ಚಿ ಕೈ ಮುಗಿದು ಮುಂದೆ ಹೋಗುತ್ತೇವೆ. ಆ ಕಲ್ಲಿನ ಹಿಂದೆ ಬದುಕಲು ಬಯಸಿದ ಒಂದು ಜೀವವಿತ್ತು ಎಂದು ಈ ಕಾದಂಬರಿ ನನಗೆ ಗಟ್ಟಿಯಾಗಿ ಹೇಳಿತು. ಗಳಗನಾಥರೂ ವಿಜಯನಗರದ ಬಗ್ಗೆ 'ಮಾಧವ ಕರುಣಾ ವಿಲಾಸ' ಬರೆದರು. ಅವರಿಗೆ ಮುಖ್ಯವಾದದ್ದು ರಾಜ್ಯ ಕಟ್ಟಿದವರ ಮಹಿಮೆ, ವಸುಧೇಂದ್ರರಿಗೆ ಮುಖ್ಯವಾದದ್ದು ಆ ರಾಜ್ಯದಲ್ಲಿ ಬದುಕಿದ ಸಾಮಾನ್ಯರ ಮೈಮೇಲಿನ ಗಾಯ. ಒಂದೇ ಹೊಳೆಯ ದಂಡೆಯ ಚರಿತ್ರೆಯನ್ನು ಎರಡು ಕಾಲದ ಲೇಖಕರು ಹೀಗೆ ಬೇರೆ ಬೇರೆ ಕಣ್ಣಿನಿಂದ ನೋಡಿದ್ದು ಕನ್ನಡ ಕಾದಂಬರಿ ಎಷ್ಟು ದೂರ ನಡೆದಿದೆ ಎಂಬುದಕ್ಕೆ ಸಾಕ್ಷಿ.

ಒಪ್ಪದ್ದೂ ಇದೆ. ಕ್ರೌರ್ಯದ ಮೇಲೆ ಕ್ರೌರ್ಯ ಬರುತ್ತ ಹೋದಾಗ ಒಂದು ಹಂತದಲ್ಲಿ ನನ್ನ ಮನಸ್ಸು ಮರಗಟ್ಟಿತು. ಸ್ವಲ್ಪ ಕಡಿಮೆ ಇದ್ದಿದ್ದರೆ ನೋವು ಹೆಚ್ಚು ಮುಟ್ಟುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಆ ಕಾಲ ಹಾಗೆಯೇ ಇತ್ತು, ಲೇಖಕರು ಕಡಿಮೆ ಮಾಡಿದ್ದರೆ ಸುಳ್ಳಾಗುತ್ತಿತ್ತು ಎಂದು ನೀವು ವಾದಿಸಬಹುದು. ವಾದಿಸಿ. ನಿಮ್ಮ ಪುಟವನ್ನು ನೀವು ತೋರಿಸಿ, ನನ್ನದನ್ನು ನಾನು ತೋರಿಸುತ್ತೇನೆ.

ಶುರು ಮಾಡುವುದು ಹೇಗೆ

ಹಾವೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸದಸ್ಯರಾಗಿ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ, ಇಲ್ಲದ ಪುಸ್ತಕದ ಹೆಸರು ಬರೆದು ಕೊಡಿ. ಕೇಳುವವರಿದ್ದರೆ ಪುಸ್ತಕ ಬರುತ್ತದೆ. ಕೊಳ್ಳುವವರಿಗೆ ಶಾನಭಾಗರ ಕೃತಿಗಳು ಹೆಗ್ಗೋಡಿನ ಅಕ್ಷರ ಪ್ರಕಾಶನದಲ್ಲಿ, ವಸುಧೇಂದ್ರರವು ಬೆಂಗಳೂರಿನ ಛಂದ ಪುಸ್ತಕದಲ್ಲಿ ಸಿಗುತ್ತವೆ. ಧಾರವಾಡದ ಮನೋಹರ ಗ್ರಂಥಮಾಲಾ 1933ರಿಂದಲೂ ನಮ್ಮ ಭಾಗದ ಮನೆಗಳಿಗೆ ಕಾದಂಬರಿ ತಲುಪಿಸಿದ ಸಂಸ್ಥೆ.

ಒಂದು ನೋಟುಬುಕ್ ಇಟ್ಟುಕೊಳ್ಳಿ. ಪುಸ್ತಕ ಮುಗಿದ ದಿನವೇ ಮೂರು ಪ್ರಶ್ನೆಗಳಿಗೆ ಹತ್ತು ಸಾಲು ಬರೆಯಿರಿ, ಪುಟದ ಸಂಖ್ಯೆ ಮರೆಯಬೇಡಿ. ಪ್ರಶಸ್ತಿ ಬಂದಿದೆ ಎಂದು ಹೊಗಳಬೇಡಿ. ಊರಿನ ದೊಡ್ಡವರು ತೆಗಳಿದರೆಂದು ತೆಗಳಲೂ ಬೇಡಿ. ಮುನ್ನುಡಿಯನ್ನು ಕೊನೆಗೆ ಓದಿ, ಮೊದಲು ನಿಮ್ಮ ಮನಸ್ಸು ಏನನ್ನುತ್ತದೆ ಕೇಳಿಕೊಳ್ಳಿ. ಐವತ್ತು ಪುಟ ಓದಿಯೂ ಒಳಗೆ ಹೋಗಲಾಗದಿದ್ದರೆ ಪುಸ್ತಕ ಬದಿಗಿಡಿ, ವರ್ಷ ಬಿಟ್ಟು ಮತ್ತೆ ತೆಗೆಯಿರಿ. ಅದಕ್ಕೆ ನಾಚಿಕೆ ಬೇಡ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳ ಮುಂದೆ ನಮ್ಮ ಜನ ಓಡಾಡಿದರು. ಕೊಂಡ ಪುಸ್ತಕಗಳು ಅನೇಕ ಮನೆಗಳ ಕಪಾಟಿನಲ್ಲಿ ಈಗಲೂ ಇವೆ. ಅವುಗಳಲ್ಲಿ ಒಂದನ್ನು ಈ ವಾರ ತೆಗೆಯಿರಿ. ಓದಿ ಮುಗಿಸಿ ಹತ್ತು ಸಾಲು ಬರೆಯಿರಿ, ಅದೇ ಪುಸ್ತಕ ಓದಿದ ಇನ್ನೊಬ್ಬರನ್ನು ಹುಡುಕಿ ತೋರಿಸಿ. ಅವರು ಒಪ್ಪದಿದ್ದರೆ ಇಬ್ಬರೂ ಕೂತು ಆ ಪುಟವನ್ನು ಮತ್ತೆ ಓದಿ. ಓದುಗರು ತಯಾರಾಗುವುದು ಆ ಎರಡನೇ ಓದಿನಲ್ಲಿ.