ಕುಡಿತದ ಮನೆಗೆ ಫೋನಿನಲ್ಲಿ ಸಿಗುವ ನೆರವು



ಕುಡಿತದ ಚಟ ಹೊಕ್ಕ ಮನೆಯವರು ಮೊದಲು ಯಾರಲ್ಲಿ ಸಹಾಯ ಕೇಳುತ್ತಾರೆ? ಹಿಂದೆ ಧರ್ಮಕೇಂದ್ರದ ಗುರುಗಳ ಬಳಿಗೋ, ಊರಿನ ಡಾಕ್ಟರ ಬಳಿಗೋ, ತವರಿನ ಹಿರಿಯರ ಬಳಿಗೋ ಹೋಗುತ್ತಿದ್ದರು. ಇಂದು ಎಲ್ಲರೂ ಮಲಗಿದ ಮೇಲೆ ಹೆಂಡತಿಯೋ ಮಗಳೋ ಫೋನು ತೆರೆದು, ಕುಡಿತ ಬಿಡಿಸುವುದು ಹೇಗೆಂದು ಅದನ್ನೇ ಕೇಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಫೋನು ಬೈಯುವುದಿಲ್ಲ, ನೆರೆಮನೆಗೆ ಹೋಗಿ ಸುದ್ದಿ ಹೇಳುವುದಿಲ್ಲ. ಆದರೆ ಅದು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತೋರಿಸುತ್ತದೆ. ಆರಿಸಿಕೊಳ್ಳುವ ವಿವೇಕ ನಮ್ಮಲ್ಲಿರಬೇಕು.

ಅಂತರ್ಜಾಲದಲ್ಲಿ ಹುಡುಕಿದಾಗ ಮೇಲೆ ಕಾಣುವ ಮೊದಲ ಕೆಲವು ಸಾಲುಗಳು ಅನೇಕ ವೇಳೆ ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು. ಅವುಗಳ ಪಕ್ಕದಲ್ಲಿ 'ಪ್ರಾಯೋಜಿತ' ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕಣ್ಣೀರು ತುಂಬಿದ ಕಣ್ಣಿಗೆ ಅದು ಕಾಣುವುದಿಲ್ಲ. ಕುಡಿಯುವವನಿಗೆ ಗೊತ್ತಾಗದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿಕೊಟ್ಟರೆ ಇಷ್ಟು ದಿನಗಳಲ್ಲಿ ಕುಡಿತ ನಿಲ್ಲುತ್ತದೆ ಎಂಬ ಪುಡಿ ಅಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದು ಜೀವದ ಪ್ರಶ್ನೆ.

ಡೈಸಲ್ಫಿರಾಂ ಎಂಬ ಔಷಧವೊಂದಿದೆ. ನಮ್ಮ ದೇಹ ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಬದಲಾಯಿಸಿ, ಆಮೇಲೆ ಅದನ್ನೂ ಕರಗಿಸಿಬಿಡುತ್ತದೆ. ಈ ಔಷಧ ಎರಡನೆಯ ಕೆಲಸವನ್ನು ತಡೆಯುತ್ತದೆ. ಆಗ ಸ್ವಲ್ಪ ಕುಡಿದರೂ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದ ಒತ್ತಡ ಕುಸಿಯಬಹುದು. ಹೃದಯ ದುರ್ಬಲವಾಗಿದ್ದರೆ ಸಾವೂ ಬರಬಹುದು. ಔಷಧ ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಈ ಅಪಾಯ ಉಳಿಯಬಹುದು. ರೋಗಿ ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಅದು ಉಪಯುಕ್ತ. ತಿಳಿಯದಂತೆ ಕೊಡಬಾರದು ಎಂಬುದು ವೈದ್ಯಶಾಸ್ತ್ರದ ಕಟ್ಟುನಿಟ್ಟಿನ ನಿಯಮ. ಇನ್ನು ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ಮಾರುವವನಿಗೂ ಗೊತ್ತಿರಲಾರದು. ತಾಯಂದಿರೇ, ಪ್ರೀತಿಯಿಂದಲೇ ನೀವು ಇದನ್ನು ಮಾಡುತ್ತೀರಿ ಎಂದು ಬಲ್ಲೆ. ಆದರೂ ಬೇಡ.

ಬಂಧುಗಳೇ, ಈ ಚಟವೆಂದರೆ ಪಾಪವೇ, ರೋಗವೇ? ಸಂತ ಅಗಸ್ಟೀನರು ತಮ್ಮ 'ಕನ್ಫೆಷನ್ಸ್' ಗ್ರಂಥದ ಎಂಟನೆಯ ಭಾಗದಲ್ಲಿ ಇದರ ಒಳಗುಟ್ಟನ್ನು ಹಿಡಿದಿದ್ದಾರೆ: ವಕ್ರವಾದ ಇಚ್ಛೆ ಆಸೆಯಾಗುತ್ತದೆ, ಆಸೆಗೆ ಸೇವೆ ಮಾಡುತ್ತ ಹೋದರೆ ಅದು ಅಭ್ಯಾಸವಾಗುತ್ತದೆ, ತಡೆಯದ ಅಭ್ಯಾಸ ಕೊನೆಗೆ ಬಿಡಲಾಗದ ಅಗತ್ಯವಾಗಿ ಸರಪಳಿಯಂತೆ ಬಿಗಿಯುತ್ತದೆ. ಅವರ ತಾಯಿ ಸಂತ ಮೋನಿಕಾ ಹುಡುಗಿಯಾಗಿದ್ದಾಗ ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋಗಿ, ದಿನಕ್ಕೊಂದಿಷ್ಟು ತುಟಿಗೆ ತಾಗಿಸಿ, ಬರಬರುತ್ತ ಬಟ್ಟಲು ಬಟ್ಟಲೇ ಕುಡಿಯತೊಡಗಿದ್ದರಂತೆ. ಜಗಳದಲ್ಲಿ ಮನೆಗೆಲಸದವಳೊಬ್ಬಳು ಕುಡುಕಿ ಎಂದು ಮೂದಲಿಸಿದಾಗ ಎಚ್ಚೆತ್ತರು. ಒಂಬತ್ತನೆಯ ಭಾಗದಲ್ಲಿ ಮಗನೇ ಇದನ್ನು ಬರೆದಿಟ್ಟಿದ್ದಾನೆ. ಹಾಗೆಂದು ಮೂದಲಿಕೆಯೇ ಮದ್ದು ಎಂದು ಯಾರೂ ತಿಳಿಯಬೇಡಿ. ಮೋನಿಕಾ ಇನ್ನೂ ಮೊದಲ ಮೆಟ್ಟಿಲಲ್ಲಿದ್ದರು. ಸರಪಳಿ ಬಿಗಿದಾದ ಮೇಲೆ ಬೈಗುಳ ಅದನ್ನು ಕಡಿಯುವುದಿಲ್ಲ. ಶ್ರೀಸಭೆಯ ಧರ್ಮೋಪದೇಶ ಗ್ರಂಥವೂ ಕುಡಿತದ ಅತಿರೇಕವನ್ನು ಖಂಡಿಸುತ್ತದೆ, ಜೊತೆಗೆ ಬೇರೂರಿದ ಅಭ್ಯಾಸದಿಂದ ಮನುಷ್ಯನ ಹೊಣೆ ಕುಗ್ಗಬಹುದು ಎಂಬುದನ್ನೂ ಒಪ್ಪುತ್ತದೆ. ಆದುದರಿಂದ ಪಾಪನಿವೇದನೆಯ ಪೀಠವೂ ಬೇಕು, ಆಸ್ಪತ್ರೆಯ ಹಾಸಿಗೆಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಬಾರದು.

ಇಲ್ಲಿ ಒಂದು ಎಚ್ಚರಿಕೆ. ವಿಭೂತಿ ಬುಧವಾರ ಬಂತೆಂದರೆ ನಮ್ಮಲ್ಲಿ ಅನೇಕ ಗಂಡಸರು ಕುಡಿತಕ್ಕೆ ರಜೆ ಕೊಡುತ್ತಾರೆ. ಒಳ್ಳೆಯದೇ. ಡಬ್ಲಿನ್ ನಗರದ ಕೂಲಿಯಾಳು ಮ್ಯಾಟ್ ಟಾಲ್ಬಟ್ 1884ರಲ್ಲಿ ಮೂರು ತಿಂಗಳ ಪ್ರತಿಜ್ಞೆಯಿಂದಲೇ ಆರಂಭಿಸಿ, 1925ರಲ್ಲಿ ಸಾಯುವ ತನಕ ಮದ್ಯ ಮುಟ್ಟಲಿಲ್ಲ. ಆದರೆ ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು, ಬೆಳಿಗ್ಗೆ ಕೈನಡುಕ ನಿಲ್ಲಿಸಲೂ ಕುಡಿಯಲೇಬೇಕಾದವನು, ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ದಿಕ್ಕು ತಪ್ಪಿ, ಇಲ್ಲದ್ದು ಕಂಡು, ಬೆವರಿ, ಸನ್ನಿ ಹಿಡಿಯಬಹುದು. ದೆವ್ವ ಮೆಟ್ಟಿತೆಂದು ಮಂತ್ರವಾದಿಯ ಬಳಿಗೆ ಕರೆದೊಯ್ಯುವವರಿದ್ದಾರೆ. ಅದು ದೆವ್ವವಲ್ಲ. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಇಂಥವನು ಪ್ರತಿಜ್ಞೆಗೆ ಮೊದಲು ವೈದ್ಯರನ್ನು ಕಾಣಲಿ.

ಹಾಗಾದರೆ ಫೋನಿನಲ್ಲಿ ನಂಬಬಹುದಾದದ್ದು ಯಾವುದು? 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ 'ಟೆಲಿ ಮಾನಸ್' ಎಂಬ ಸೇವೆ ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ಹಗಲಿರುಳೂ ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡವನ್ನು ಆರಿಸಿಕೊಂಡು ಮಾತನಾಡಬಹುದು. ಚಟ ಬಿಡಿಸುವ ಸಲಹೆಗೆಂದೇ ಸಾಮಾಜಿಕ ನ್ಯಾಯ ಸಚಿವಾಲಯದ 14446 ಸಂಖ್ಯೆಯೂ ಇದೆ. ಇದೇ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಮದ್ಯದ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದ 37 ಮನೆಗಳ ಬಾಗಿಲು ಮುಚ್ಚಿಯೇ ಇತ್ತು. ನಾಚಿಕೆಯೂ ಅದಕ್ಕೊಂದು ಕಾರಣವೆಂದೇ ನಾನು ಹೇಳುತ್ತೇನೆ.

ಮತ್ತೊಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳದ ಮದ್ಯವ್ಯಸನಿಗಳ ಬಳಗ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರೂ ಸೇರಿ ಆರಂಭಿಸಿದ್ದು. ಇಬ್ಬರೂ ಕುಡಿತದಲ್ಲಿ ಮುಳುಗಿದ್ದವರು, ಕಥೋಲಿಕರಲ್ಲ. ಆದರೆ ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದ ಆ ಕಾಲದಲ್ಲಿ, 1939ರಲ್ಲಿ, ಅಲ್ಲಿನ ಸಂತ ತೋಮಸರ ಆಸ್ಪತ್ರೆಯ ಬಾಗಿಲು ತೆರೆದವರು ಸಿಸ್ಟರ್ ಇಗ್ನೇಷಿಯಾ ಎಂಬ ಕನ್ಯಾಸ್ತ್ರೀ. ಗುಣಮುಖರಾಗಿ ಹೊರಡುವವರ ಕೈಗೆ ಅವರು ಪವಿತ್ರ ಹೃದಯದ ಪದಕವೊಂದನ್ನು ಕೊಟ್ಟು, ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಇದನ್ನು ತಂದು ಹಿಂದಿರುಗಿಸಬೇಕು ಎಂದು ಮಾತು ತೆಗೆದುಕೊಳ್ಳುತ್ತಿದ್ದರು. ಎಂಥ ಜಾಣತನ! 1940ರಲ್ಲಿ ಎಡ್ವರ್ಡ್ ಡೌಲಿಂಗ್ ಎಂಬ ಯೇಸುಸಭೆಯ ಗುರುಗಳು, ಸಂಧಿವಾತದಿಂದ ಕುಂಟುತ್ತಲೇ ವಿಲ್ಸನ್‌ರನ್ನು ಹುಡುಕಿಕೊಂಡು ಹೋದರು. ಬಳಗದ ಹನ್ನೆರಡು ಮೆಟ್ಟಿಲುಗಳಿಗೂ ಸಂತ ಇಗ್ನಾಸಿಯವರ ಧ್ಯಾನಕ್ರಮಕ್ಕೂ ಇರುವ ಹೋಲಿಕೆ ಅವರ ಮನಸೆಳೆದಿತ್ತು. ನಮ್ಮಲ್ಲೇ 1981ರಲ್ಲಿ ಮುಂಬಯಿಯ ಫಾದರ್ ಜೋಸೆಫ್ ಪಿರೇರಾ ಸ್ಥಾಪಿಸಿದ ಕೃಪಾ ಫೌಂಡೇಶನ್ ಈ ಮೆಟ್ಟಿಲುಗಳ ಜೊತೆ ಅಯ್ಯಂಗಾರ್ ಯೋಗವನ್ನೂ ಸೇರಿಸಿತು.

2020ರ ಕೋವಿಡ್ ಕಾಲದಲ್ಲಿ ಈ ಬಳಗದ ಬಹಳಷ್ಟು ಸಭೆಗಳು ಫೋನಿಗೆ ಬಂದವು, ಅನೇಕವು ಅಲ್ಲೇ ಉಳಿದುಕೊಂಡವು. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನೂ ತನ್ನ ಕೋಣೆಯಿಂದಲೇ ಭಾಗವಹಿಸಬಹುದು. ಸೇರುವಾಗ ಪೂರ್ಣ ಹೆಸರು ಬೇಡ, ಮುಖ ತೋರಿಸಬೇಕೆಂದಿಲ್ಲ, ಕೇಳಿಸಿಕೊಂಡು ಸುಮ್ಮನಿರಬಹುದು. ಪ್ರವೇಶ ಶುಲ್ಕವಿಲ್ಲ, ಯಾರಾದರೂ ಇದರ ಹೆಸರಿನಲ್ಲಿ ಶುಲ್ಕ ಕೇಳಿದರೆ ಅದು ಆ ಬಳಗವಲ್ಲ. ಕುಡಿಯುವವರ ಹೆಂಡತಿ, ತಂದೆತಾಯಿಗಳಿಗೆ ಅಲ್-ಅನಾನ್ ಎಂಬ ಬಳಗ 1951ರಿಂದ ಬೇರೆಯೇ ಇದೆ. ಕುಡಿಯುವವನು ಒಪ್ಪದಿದ್ದರೂ ಮನೆಯವರು ಅಲ್ಲಿಗೆ ಹೋಗಬಹುದು ಎಂಬುದನ್ನು ಹೆಚ್ಚಿನವರು ತಿಳಿದಿಲ್ಲ.

ಫೋನಿನಲ್ಲಿ ನೋಡಿ ಚಿಕಿತ್ಸಾ ಕೇಂದ್ರ ಆರಿಸುವವರಿಗೆ ಒಂದು ಮಾತು. ಸುಂದರ ತೋಟದ ಚಿತ್ರ ನೋಡಿ ಹಣ ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕವಸ್ತುಗಳ ಚಟದವರಿಗೂ ಅನ್ವಯಿಸುತ್ತದೆ. ನೋಂದಣಿ ಇದೆಯೇ, ದಿನವೂ ವೈದ್ಯರು ಬರುತ್ತಾರೆಯೇ, ಮನೆಯವರು ಭೇಟಿ ಮಾಡಬಹುದೇ, ಬಿಡುಗಡೆಯಾದ ಮೇಲೆ ಯಾರು ವಿಚಾರಿಸುತ್ತಾರೆ ಎಂದು ಕೇಳಿ. ರಾತ್ರಿ ವ್ಯಾನು ಕಳಿಸಿ ಎತ್ತಿಕೊಂಡು ಹೋಗುತ್ತೇವೆ ಎನ್ನುವವರನ್ನು ದೂರವಿಡಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಆ ಕಾಯ್ದೆ ಪೂರ್ತಿಯಾಗಿ ನಿಷೇಧಿಸಿದೆ. ನೂರಕ್ಕೆ ನೂರು ಗುಣ ಎಂದು ಭರವಸೆ ಕೊಡುವವನು ಈ ರೋಗವನ್ನೇ ಅರಿಯದವನು.

ಏಕೆಂದರೆ ಬಿಟ್ಟವನು ಮತ್ತೆ ಕುಡಿಯುವುದುಂಟು. ಆರು ತಿಂಗಳು ಸರಿಯಾಗಿದ್ದು, ಒಂದು ಮದುವೆಯ ಮನೆಯಲ್ಲಿ ಜಾರಿದ ಗಂಡನನ್ನು ಕಂಡಾಗ ಹೆಂಡತಿಗೆ ಎಲ್ಲವೂ ಸುಳ್ಳಾಯಿತೆನಿಸುತ್ತದೆ. ಸಕ್ಕರೆ ಕಾಯಿಲೆ ಏರಿದರೆ ಡಾಕ್ಟರ ಬಳಿಗೆ ಮತ್ತೆ ಹೋಗುವುದಿಲ್ಲವೇ? ಅಂದು ರಾತ್ರಿ ಜಗಳವಾಡಬೇಡಿ; ಕುಡಿದವನಿಗೆ ಆಡಿದ ಮಾತು ಬೆಳಿಗ್ಗೆ ನೆನಪಿರುವುದಿಲ್ಲ. ಅವನು ಕೈಯೆತ್ತಿದರೆ ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಸ್ಥಳಕ್ಕೆ ಹೋಗಿ, 112ಕ್ಕೆ ಕರೆ ಮಾಡಿ. ಸಹಿಸಿಕೊಂಡಿರುವುದು ಕ್ರೈಸ್ತ ಗೃಹಿಣಿಯ ಕರ್ತವ್ಯವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಳಿಗ್ಗೆ, ಅವನು ನೆಟ್ಟಗಿರುವಾಗ, 14416ಕ್ಕೆ ಕರೆ ಮಾಡಿ ಫೋನನ್ನು ಇಬ್ಬರ ನಡುವೆ ಮೇಜಿನ ಮೇಲಿಡಿ. ಅವನು ಮಾತನಾಡದಿದ್ದರೆ ನೀವೇ ಮಾತನಾಡಿ.